ಮೇಕರ್, ಕುಶಲಕರ್ಮಿ, ಕಾಯಕ, ಕೈಕೆಲಸ: ಯಾವ ಹೆಸರಿಟ್ಟಾಗ ಯಾರು ಬಂದರು?

ಬೆಂಗಳೂರಿನಲ್ಲಿ ಕೈಯಾರೆ ಏನಾದರೂ ಮಾಡುವವರೆಲ್ಲ ಒಂದೇ ಕಡೆ ಸಿಗಬೇಕು ಅಂತ ನಾವು ಕೆಲವು ಸ್ನೇಹಿತರು ಒಂದು ಆನ್‌ಲೈನ್ ಗುಂಪು ಕಟ್ಟಿದೆವು. ಎಸ್.ಪಿ. ರಸ್ತೆಯಲ್ಲಿ ಸೆನ್ಸರ್ ಹುಡುಕುವವರು, ಚಿಕ್ಕಪೇಟೆಯಿಂದ ಲೈನಿಂಗ್ ಬಟ್ಟೆ ತರುವವರು, ಮನೆಯ ಟೆರೇಸ್ ಮೇಲೆ ಪ್ಲೈವುಡ್ ಕೊಯ್ಯುವವರು, ಕೆಟ್ಟ ಮಿಕ್ಸಿಯನ್ನು ಬಿಚ್ಚಿ ನೋಡದೆ ಸಮಾಧಾನ ಆಗದವರು, ಎಲ್ಲರೂ. ವಾಟ್ಸಾಪ್‌ನಲ್ಲಿ ಗುಂಪು ಮಾಡುವುದು ಎರಡು ನಿಮಿಷದ ಕೆಲಸ. ಅದಕ್ಕೆ ಏನು ಹೆಸರಿಡಬೇಕು, ‘ಇದು ಯಾರಿಗೆ’ ಅಂತ ಕೆಳಗೆ ಏನು ಬರೆಯಬೇಕು ಅನ್ನೋದೇ ಕಷ್ಟ. ಕೂತು ಚರ್ಚೆ ಮಾಡಿದರೆ ಮುಗಿಯಲ್ಲ ಅಂತ ಗೊತ್ತಾಯಿತು. ಹಾಗಾಗಿ ಒಂದೊಂದೇ ಹೆಸರು ಇಟ್ಟು ನೋಡಿದೆವು. ಅದೇ ಗುಂಪು, ಅದೇ ಅಡ್ಮಿನ್‌ಗಳು, ಬೋರ್ಡು ಮಾತ್ರ ಬೇರೆ. ಯಾರು ಬಂದರು, ಯಾರು ಮಾತಾಡಿದರು, ಯಾರು ಬಂದೂ ಸುಮ್ನೆ ಕೂತರು ಅಂತ ಗಮನಿಸುತ್ತಾ ಹೋದೆವು.

ಮೊದಲು ಇಟ್ಟಿದ್ದು ‘ಮೇಕರ್ಸ್’, ಅಂದರೆ ಬೇಕಾದ್ದನ್ನು ತಾವೇ ಮಾಡಿಕೊಳ್ಳುವವರು. ಜಗತ್ತಿಗೆಲ್ಲ ಗೊತ್ತಿರುವ ಹೆಸರು. ಅಮೆರಿಕದಲ್ಲಿ ‘ಮೇಕ್’ ಪತ್ರಿಕೆ ಶುರುವಾಗಿದ್ದು 2005ರಲ್ಲಿ, ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಇಂಥವರ ಮೊದಲ ಮೇಳ, ಮೇಕರ್ ಫೇರ್, ನಡೆಯಿತು. ಇಟಲಿಯ ಇವ್ರಿಯಾ ಊರಲ್ಲಿ, ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್ ಆರ್ಡುಯಿನೊ ಹುಟ್ಟಿದ್ದೂ 2005ರಲ್ಲೇ. ಈ ಹೆಸರಿನ ದೊಡ್ಡ ಲಾಭ ಏನಂದ್ರೆ ಜನ ಹುಡುಕಿಕೊಂಡು ಬರುತ್ತಾರೆ. ಎಂಜಿನಿಯರಿಂಗ್ ಹುಡುಗರು, ಐಟಿ ಕೆಲಸದವರು, ತ್ರೀಡಿ ಪ್ರಿಂಟರ್ ಇಟ್ಟುಕೊಂಡವರು ಬೇಗ ಬೇಗ ಸೇರಿದರು. ಯಾರಾದರೂ ‘ನನ್ನ ಇಎಸ್‌ಪಿ32 ಬೋರ್ಡ್ ಪದೇ ಪದೇ ರೀಸ್ಟಾರ್ಟ್ ಆಗ್ತಿದೆ’ ಅಂದರೆ (ಇದೂ ಅಂಥದ್ದೇ ಪುಟ್ಟ ಬೋರ್ಡ್, ವೈಫೈ ಇರುವಂಥದ್ದು), ‘ವೈಫೈ ಆನ್ ಆಗೋ ಹೊತ್ತಿಗೆ ಕರೆಂಟ್ ಜಾಸ್ತಿ ಎಳೆಯುತ್ತೆ, ಪವರ್ ಸಪ್ಲೈ ನೋಡು, ಒಂದು ಕೆಪಾಸಿಟರ್ ಹಾಕು’ ಅಂತ ಉತ್ತರ ಆಗಲೇ ಬಂದಿರುತ್ತಿತ್ತು. ಆ ಮಟ್ಟಿಗೆ ಇದು ನಿಜಕ್ಕೂ ಒಳ್ಳೆಯ ಗುಂಪು.

ಆದರೆ ಮಾತೆಲ್ಲ ಇಂಗ್ಲಿಷ್‌ನಲ್ಲಿ, ಮತ್ತು ಎಲ್ಲವೂ ವೈರು, ಕೋಡು. ಹನುಮಂತನಗರದಲ್ಲಿ ಟೈಲರಿಂಗ್ ಮಾಡುವ ಅಕ್ಕ ಒಬ್ಬರನ್ನು ನಾನೇ ಸೇರಿಸಿದ್ದೆ. ಅವರು ಎಲ್ಲವನ್ನೂ ಓದುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಕೊನೆಗೆ ನನಗೆ ಪ್ರತ್ಯೇಕವಾಗಿ ಮೆಸೇಜ್ ಹಾಕಿದರು: ‘ಇದರಲ್ಲಿ ನನಗೇನು ಕೆಲಸ ಇದೆ?’ ಯಾರೂ ಅವರನ್ನು ಹೊರಗಿಟ್ಟಿರಲಿಲ್ಲ. ಬಾಗಿಲು ತೆರೆದೇ ಇತ್ತು. ಆದರೂ ಬೋರ್ಡ್ ನೋಡಿ ಇದು ಬೇರೆಯವರ ಮನೆ ಅಂತ ಅವರಿಗೆ ಅನಿಸಿತ್ತು.

ನಡುವೆ ‘ಹ್ಯಾಕರ್’ ಪದವೂ ಚರ್ಚೆಗೆ ಬಂತು. ಹ್ಯಾಕರ್‌ಸ್ಪೇಸ್ ಅಂದರೆ ತಂತ್ರಜ್ಞಾನದ ಆಸಕ್ತರು ಸೇರಿ ಕೆಲಸ ಮಾಡುವ ಜಾಗ. ಅಂಥ ಜಾಗಗಳಿಗೆ ಒಳ್ಳೆಯ ಇತಿಹಾಸ ಇದೆ, ಬರ್ಲಿನ್‌ನ ಸಿ-ಬೇಸ್ 1995ರಲ್ಲೇ ಶುರುವಾಗಿದ್ದು. ಆದರೆ ಓಟಿಪಿ ಕೊಟ್ಟು ದುಡ್ಡು ಕಳೆದುಕೊಂಡವರು ಪ್ರತಿ ಬೀದಿಯಲ್ಲೂ ಇರುವಾಗ ಆ ಹೆಸರಿನ ಗುಂಪಿನ ಲಿಂಕ್ ಒತ್ತಿ ಅಂತ ಯಾರಿಗೆ ಹೇಳೋದು? ಕೈಬಿಟ್ಟೆವು.

ಮುಂದಿನದು ‘ಕುಶಲಕರ್ಮಿಗಳು’. ಇದನ್ನು ಸೂಚಿಸಿದವರ ಮಾತಿನಲ್ಲಿ ತೂಕ ಇತ್ತು. ಕನ್ನಡದ ಹೆಸರು ಇರಲಿ, ಕಸುಬು ಮಾಡಿ ಬದುಕುವವರಿಗೆ ಮೊದಲ ಜಾಗ ಸಿಗಲಿ ಅಂದರು. ಹೆಸರು ಬದಲಾದ ಮೇಲೆ ಮರಗೆಲಸದವರು, ಗೊಂಬೆ ಮಾಡುವವರು, ಮೇಸ್ತ್ರಿಗಳು ನಿಜವಾಗಿಯೂ ಬಂದರು. ಬಂದವರಲ್ಲಿ ತುಂಬಾ ಜನ ಕೇಳಿದ ಮೊದಲ ಪ್ರಶ್ನೆ, ‘ಟೂಲ್‌ಕಿಟ್ ಯಾವಾಗ ಕೊಡ್ತೀರಿ?’ ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡಿದೆಯಲ್ಲ, ಅದರಲ್ಲಿ ಬಡಗಿ, ಕಮ್ಮಾರ, ಕುಂಬಾರ, ಟೈಲರ್, ಹೂ ಕಟ್ಟುವವರು ಹೀಗೆ 18 ಕಸುಬುಗಳಿವೆ, ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಕುಶಲಕರ್ಮಿ ಅನ್ನೋ ಪದ ಈಗ ಅರ್ಜಿ, ಆಧಾರ್, ಸರ್ಟಿಫಿಕೇಟ್ ಜೊತೆಗೇ ಜನರ ಮನಸ್ಸಿಗೆ ಬರುತ್ತದೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಗೊತ್ತಿದ್ದವರು ಅರ್ಜಿ ಹಾಕುವುದು ಹೇಗೆ ಅಂತ ಹೇಳಿಕೊಟ್ಟರು. ಆದರೆ ಗುಂಪಿನ ಮಾತು ಪೂರ್ತಿ ಅತ್ತ ವಾಲಿತು.

ಇನ್ನೊಂದು ಕಡೆ ಹವ್ಯಾಸಕ್ಕೆ ಮಾಡುವವರು ಹಿಂದೆ ಸರಿದರು. ‘ನಾನು ಕುಶಲಕರ್ಮಿ ಎಲ್ಲಿಂದ ಆದೆ, ಭಾನುವಾರ ಒಂದು ಸ್ಟೂಲ್ ಮಾಡೋಕೆ ಹೋಗಿ ಮೂರು ಕಾಲು ಒಂದು ಥರ, ಒಂದು ಕಾಲು ಒಂದು ಥರ ಆಗಿದೆ’ ಅಂತ ಒಬ್ಬರು ಬರೆದರು. ಕೈ ಪಳಗಿದವರಿಗೆ ಕೊಡುವ ಹೆಸರನ್ನು ಬಾಗಿಲಿಗೆ ಹಾಕಿದರೆ ಕಲಿಯುವವರು ಒಳಗೆ ಬರಲು ಹೆದರುತ್ತಾರೆ.

ಇಲ್ಲಿ ಇನ್ನೂ ಒಂದು ವಿಷಯ ಹೇಳಲೇಬೇಕು. ನಮ್ಮಲ್ಲಿ ಕೈಕಸುಬು ಅಂದರೆ ಬಹಳ ಕಾಲದಿಂದ ಜಾತಿಯ ಜೊತೆಗೇ ಬಂದದ್ದು. ಕಮ್ಮಾರ, ಕುಂಬಾರ, ಮೇದ, ಅಗಸ, ಇವು ಕೆಲಸದ ಹೆಸರೂ ಹೌದು, ಜನರ ಹೆಸರೂ ಹೌದು. ಬಿದಿರಿನ ಬುಟ್ಟಿ ಹೆಣೆಯುವ ಒಬ್ಬರು ಫೋಟೊ ಹಾಕಿದಾಗ ಇನ್ನೊಬ್ಬರು, ಬಹುಶಃ ಕುತೂಹಲಕ್ಕೇ, ‘ನಿಮ್ಮದು ಕುಲಕಸುಬಾ?’ ಅಂತ ಕೇಳಿದರು. ಅವರು ಉತ್ತರ ಕೊಡಲಿಲ್ಲ, ಫೋಟೊ ಡಿಲೀಟ್ ಮಾಡಿದರು. ಲ್ಯಾಪ್‌ಟಾಪ್ ಮುಂದೆ ಕೂತು ಡ್ರೋನ್ ಮಾಡುವವನಿಗೆ ಆ ಪ್ರಶ್ನೆಯನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಎಲ್ಲರಿಗೂ ಜಾಗ ಇದೆ ಅಂತ ಹೇಳುವ ಗುಂಪು ಮೊದಲು ಸರಿಮಾಡಬೇಕಾದ್ದು ಇದನ್ನೇ ಅಂತ ನನಗೆ ಅವತ್ತು ಅನಿಸಿತು, ಇವತ್ತೂ ಹಾಗೇ ಅನಿಸುತ್ತದೆ. ಮಾಡಿದ ವಸ್ತುವಿನ ಬಗ್ಗೆ ಏನು ಬೇಕಾದರೂ ಕೇಳಿ, ಮಾಡಿದವರ ಜಾತಿ, ಮನೆತನದ ಬಗ್ಗೆ ಕೇಳಬೇಡಿ ಅನ್ನೋ ನಿಯಮ ಆ ವಾರವೇ ಬಂತು. ಹೆಸರು ಎಷ್ಟು ಸಲ ಬದಲಾದರೂ ಆ ನಿಯಮವನ್ನು ಯಾರೂ ಮುಟ್ಟಿಲ್ಲ.

‘ಕಾಯಕ’ ನನಗೆ ವೈಯಕ್ತಿಕವಾಗಿ ಎಲ್ಲಕ್ಕಿಂತ ಇಷ್ಟವಾದ ಹೆಸರು. ಹನ್ನೆರಡನೇ ಶತಮಾನದಲ್ಲಿ ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ, ಬಿದಿರಿನ ಕೆಲಸದ ಮೇದಾರ ಕೇತಯ್ಯ, ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಯ್ಯ, ನೂಲು ತೆಗೆಯುತ್ತಿದ್ದ ಕದಿರ ರೆಮ್ಮವ್ವೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತ ಕಾಲದ ಪದ ಅದು. ಕುಲಕಸುಬಿನ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಹೆಸರು ಹಾಕಿದ ದಿನ ಗುಂಪಿನಲ್ಲಿ ಒಂದು ಥರ ಸಂಭ್ರಮವೇ ಇತ್ತು. ಆಮೇಲೆ ಏನಾಯಿತು ಅಂದರೆ, ಬೆಳಗ್ಗೆ ಎದ್ದರೆ ವಚನದ ಚಿತ್ರಗಳು, ಸುಪ್ರಭಾತದ ಮೆಸೇಜ್‌ಗಳು. ವಚನ ಬೇಡ ಅಂತ ‘ಕಾಯಕ’ ಅನ್ನೋ ಗುಂಪಿನಲ್ಲಿ ಹೇಳೋಕೆ ಯಾರಿಗೆ ಬಾಯಿ ಬರುತ್ತೆ? ಶಿವಾಜಿನಗರದಲ್ಲಿ ಸ್ಕೂಟರ್ ಸೀಟು ಹೊಲಿಯುವ ಒಬ್ಬರು ಲಿಂಕ್ ನೋಡಿ ಇದು ಬಸವ ಜಯಂತಿ ಸಮಿತಿಯ ಗುಂಪು ಅಂದುಕೊಂಡು ಸೇರಲೇ ಇಲ್ಲ. ಪದ ದೊಡ್ಡದು, ನಮ್ಮ ಗುಂಪಿನ ಕೆಲಸ ಚಿಕ್ಕದು.

ಕೊನೆಗೆ ‘ಕೈಕೆಲಸ’. ಇದಕ್ಕೆ ಯಾವ ಇತಿಹಾಸದ ಭಾರವೂ ಇಲ್ಲ, ಪ್ರತಿಷ್ಠೆಯೂ ಇಲ್ಲ. ಸ್ಟೂಲ್ ಮಾಡಿದವರಿಗೂ, ಬ್ಲೌಸ್ ಹೊಲಿದವರಿಗೂ, ಮಿಕ್ಸಿ ಸರಿಮಾಡಿದವರಿಗೂ ಸಲ್ಲುತ್ತದೆ. ಈ ಹೆಸರಿನಲ್ಲಿ ಹೊಸಬರು ‘ಮೇಕರ್ಸ್’ ಕಾಲದಷ್ಟು ಬೇಗ ಬರಲಿಲ್ಲ. ಆದರೆ ಬಂದವರು ಮಾತಾಡಿದರು.

ಒಂದು ಸಂಜೆ ಎಲೆಕ್ಟ್ರಾನಿಕ್ಸ್ ಓದುವ ಹುಡುಗನೊಬ್ಬ ತನ್ನ ಮಲ್ಟಿಮೀಟರ್ ಇಡಲು ಕ್ಯಾನ್ವಾಸ್ ಬ್ಯಾಗ್ ಹೊಲಿಯುತ್ತಿದ್ದ. ಬಟ್ಟೆಯ ಅಡಿಯಲ್ಲಿ ದಾರ ಗುಬ್ಬಚ್ಚಿ ಗೂಡಿನಂತೆ ಸಿಕ್ಕುಗಟ್ಟಿದ ಫೋಟೊ ಹಾಕಿದ. ಅಡಿಯಲ್ಲಿ ಸಿಕ್ಕಾಗಿದೆ ಅಂದಮೇಲೆ ಅಡಿಯ ದಾರ ಸುತ್ತಿರುವ ಬಾಬಿನ್‌ದೇ ತೊಂದರೆ ಅಂತ ಎಲ್ಲರೂ ಬಾಬಿನ್ ಬಗ್ಗೆ ಹೇಳಿದರು. ಆಗ ಹನುಮಂತನಗರದ ಅಕ್ಕ ಮೊದಲ ಸಲ ಗುಂಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದರು: ‘ಬಾಬಿನ್ ಮುಟ್ಟಬೇಡಪ್ಪ. ಕಾಲು ಕೆಳಗಿಟ್ಟುಕೊಂಡೇ ಮೇಲಿನ ದಾರ ಹಾಕಿದ್ದೀಯ. ಕಾಲು ಎತ್ತು, ದಾರ ಪೂರ್ತಿ ತೆಗೆದು ಮತ್ತೆ ಹಾಕು.’ ಕಾಲು ಅಂದರೆ ಮೆಷಿನ್‌ನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫುಟ್. ಅದು ಇಳಿದಿದ್ದಾಗ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್‌ನ ಎರಡು ಬಿಲ್ಲೆಗಳು ಬಿಗಿಯಾಗಿ ಮುಚ್ಚಿರುತ್ತವೆ, ದಾರ ಅದರ ನಡುವೆ ಕೂರಲ್ಲ, ಹಿಡಿತವಿಲ್ಲದ ಮೇಲಿನ ದಾರ ಅಡಿಗೆ ಇಳಿದು ಸಿಕ್ಕಾಗುತ್ತದೆ. ಹುಡುಗ ಹಾಗೇ ಮಾಡಿ, ನೆಟ್ಟಗೆ ಬಂದ ಹೊಲಿಗೆಯ ಫೋಟೊ ಹಾಕಿದ. ಆಮೇಲೆ ಅಕ್ಕನಿಗೆ ಕೈತುಂಬಾ ಪ್ರಶ್ನೆ. ಈಗ ಹೊಲಿಗೆ ವಿಷಯ ಬಂದರೆ ಗುಂಪಿನಲ್ಲಿ ಅವರದೇ ಕೊನೆ ಮಾತು.

‘ಕೈಕೆಲಸ’ಕ್ಕೂ ಕೊರತೆಗಳಿವೆ. ತುಂಬಾ ಜನಕ್ಕೆ ಆ ಪದ ಕೇಳಿದ ಕೂಡಲೇ ಕಸೂತಿ, ಕ್ರೋಶ ಮಾತ್ರ ನೆನಪಾಗುತ್ತದೆ. ತ್ರೀಡಿ ಪ್ರಿಂಟ್ ಮಾಡುವವರು, ‘ಮೆಷಿನ್ ಮಾಡಿಕೊಡುತ್ತೆ, ಇದು ಕೈಕೆಲಸ ಆಗುತ್ತಾ?’ ಅಂತ ಕೇಳಿದರು. ಮತ್ತೆ ಇದು ಬೆಂಗಳೂರು. ತಮಿಳು, ಉರ್ದು, ತೆಲುಗು, ಹಿಂದಿ ಮನೆಮಾತಿನವರಿಗೆ ಹೆಸರು ಮಾತ್ರ ನೋಡಿದರೆ ಏನೂ ತಿಳಿಯಲ್ಲ. ಅದಕ್ಕೆ ವಿವರಣೆಯ ಸಾಲು ಗಟ್ಟಿಯಾಗಿರಬೇಕು.

ಆ ಸಾಲಿನಲ್ಲೂ ಬೇರೆ ಬೇರೆ ಪ್ರಯೋಗ ಮಾಡಿದೆವು. ಕೆಲಸಗಳ ಪಟ್ಟಿ ಕೊಟ್ಟಾಗ, ಮರಗೆಲಸ, ಹೊಲಿಗೆ, ಎಲೆಕ್ಟ್ರಾನಿಕ್ಸ್, ಮಣ್ಣಿನ ಕೆಲಸ ಅಂತೆಲ್ಲ, ಪಟ್ಟಿಯಲ್ಲಿ ಇಲ್ಲದವರು ಕೇಳುತ್ತಲೇ ಇದ್ದರು: ಸೈಕಲ್ ರಿಪೇರಿ ನಡೆಯುತ್ತಾ, ಸೋಪು ಮಾಡೋದು ಬರುತ್ತಾ? ‘ಹವ್ಯಾಸಿಗಳಿಗಾಗಿ’ ಅಂತ ಬರೆದಾಗ ಕಸುಬಿನವರಿಗೆ ಬೇಸರ ಆಯಿತು, ಅದು ಸರಿಯೇ. ಎಲ್ಲರೂ ಸೇರಿ ಬರೆಯುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಯೋಜನೆಗಳು 2014ರಿಂದ ಬಳಸುವ ಕಾಂಟ್ರಿಬ್ಯೂಟರ್ ಕವನೆಂಟ್ ಅನ್ನೋ ನಿಯಮಗಳ ಮಾದರಿಯಲ್ಲಿ ಉದ್ದದ ನಡವಳಿಕೆ ಪತ್ರ ಬರೆದು ನೋಡಿದೆವು. ಚೆನ್ನಾಗಿತ್ತು, ಆದರೆ ಫೋನಿನಲ್ಲಿ ಯಾರೂ ಓದಲಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಜನರನ್ನು ಹೆಸರಿಸದೆ ಅವರು ಮಾಡುವುದನ್ನು ಹೇಳುವ ಸಾಲು. ಈಗ ಹೀಗಿದೆ: ‘ಕೈಯಾರೆ ಮಾಡುವವರು, ಕೆಟ್ಟಿದ್ದನ್ನು ಸರಿಮಾಡುವವರು, ಕಲಿಯಬೇಕು ಅಂತ ಇರುವವರು. ದುಡಿಮೆಗೆ ಮಾಡಿದರೂ ಸರಿ, ಖುಷಿಗೆ ಮಾಡಿದರೂ ಸರಿ. ಅರ್ಧಕ್ಕೆ ನಿಂತ ಕೆಲಸವನ್ನೂ ತೋರಿಸಿ. ಯಾವ ಭಾಷೆಯಲ್ಲಾದರೂ ಕೇಳಿ, ವಾಯ್ಸ್ ಮೆಸೇಜ್ ಆದರೂ ಆಗಬಹುದು.’ ಅದರ ಕೆಳಗೆ ಇದೇ ಮಾತು ಇಂಗ್ಲಿಷ್‌ನಲ್ಲಿದೆ, ಮೇಕರ್ ಅಂತ ಹುಡುಕುವವರಿಗೂ ಸಿಗಲಿ ಅಂತ. ಸರಿಮಾಡುವವರು ಅನ್ನೋದನ್ನ ಬಿಡಬಾರದು ಅಂತ ಹಟ ಹಿಡಿದವಳು ನಾನು. ಕೆಟ್ಟ ವಸ್ತು ತಂದು ಎಲ್ಲರೂ ಸೇರಿ ಸರಿಮಾಡುವ ರಿಪೇರಿ ಕೆಫೆ ಅನ್ನೋದು 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾಗಿ 2015ರಲ್ಲಿ ನಮ್ಮ ಊರಿಗೂ ಬಂತು. ಹೊಸದಾಗಿ ಒಂದೂ ಮಾಡದವರು ಕೂಡ ಮಿಕ್ಸಿಯ ಸವೆದ ಕಪ್ಲರ್ ಬದಲಿಸಿರುತ್ತಾರೆ ಅಲ್ವಾ, ಅಲ್ಲಿಂದಲೇ ಎಷ್ಟೋ ಜನರ ಕೈ ತಿರುಗೋದು.

ವಾಯ್ಸ್ ಮೆಸೇಜ್ ಬಗ್ಗೆ ವಿರೋಧ ಇತ್ತು. ಆಫೀಸಿನಲ್ಲಿ ಕೇಳೋಕಾಗಲ್ಲ, ಹುಡುಕೋಕಾಗಲ್ಲ ಅಂತ. ಎರಡೂ ನಿಜ. ಆದರೆ ಟೈಪ್ ಮಾಡಲು ಕಷ್ಟ ಪಡುವವರ ಜ್ಞಾನವೇ ಇಲ್ಲಿ ಜಾಸ್ತಿ. ಹಾಗಾಗಿ ಒಳ್ಳೆಯ ವಾಯ್ಸ್ ಮೆಸೇಜ್ ಬಂದರೆ ಯಾರಾದರೂ ಒಬ್ಬರು ಅದರ ಕೆಳಗೆ ಎರಡು ಸಾಲು ಬರೆದು ಹಾಕುತ್ತಾರೆ.

ಇನ್ನೂ ಇತ್ಯರ್ಥ ಆಗದಿರುವುದು ಮಾರಾಟದ ವಿಷಯ. ಜಾಹೀರಾತು ಪೂರ್ತಿ ಬಂದ್ ಮಾಡಿದಾಗ ಸಂಬಳದವರಿಗೆ ಏನೂ ಅನಿಸಲಿಲ್ಲ, ಕಸುಬಿನವರು ಹೊರಟು ಹೋದರು. ಪೂರ್ತಿ ಬಿಟ್ಟಾಗ ಪ್ರಶ್ನೆಗಳೆಲ್ಲ ಕುರ್ತಿ, ಕೀಚೈನ್ ಫೋಟೊಗಳ ಅಡಿಯಲ್ಲಿ ಮುಚ್ಚಿಹೋದವು. ಈಗ ಶನಿವಾರ ಮಾತ್ರ ಮಾರಬಹುದು, ಮಾಡಿದ್ದು ಹೇಗೆ ಅಂತ ಒಂದು ಸಾಲು ಜೊತೆಗೆ ಬರೆಯಬೇಕು. ಗೌರಿ-ಗಣೇಶ ಹಬ್ಬದ ಮುಂಚಿನ ತಿಂಗಳಲ್ಲಿ ಬುಧವಾರವೂ ಬೇಕು ಅಂತ ಮಣ್ಣಿನ ಗಣಪತಿ ಮಾಡುವವರು, ಟೈಲರ್‌ಗಳು ಕೇಳಿದ್ದಾರೆ. ನನ್ನ ಓಟು ಅವರಿಗೇ.