ಮನೆಯಲ್ಲಿ ಅರೆದ ಮದ್ದೋ, ಮಳಿಗೆಯ ಪಟಾಕಿಯೋ?

ದೀಪಾವಳಿ ಹತ್ತಿರ ಬಂದರೆ ಬಳ್ಳಾರಿಯ ಕೆಲವು ಹುಡುಗರಿಗೆ ವಿಡಿಯೊ ನೋಡಿ ಮನೆಯಲ್ಲೇ ಪಟಾಕಿ ಮದ್ದು ಬೆರೆಸುವ ಹುಚ್ಚು. ದುಡ್ಡು ಉಳಿಯುತ್ತದೆ ಅನ್ನುವ ಲೆಕ್ಕ ಬೇರೆ.

ಮಳಿಗೆಯ ಹೂಕುಂಡವೂ ಒಮ್ಮೊಮ್ಮೆ ಟುಸ್ ಅನ್ನುತ್ತದೆ, ನಿಜ. ಆದರೂ ಒಂದು ಡಬ್ಬಿಯಲ್ಲಿರುವುದೆಲ್ಲ ಹೆಚ್ಚುಕಡಿಮೆ ಒಂದೇ ಥರ ಉರಿಯುತ್ತದೆ. ಮನೆಯದ್ದು ಹಾಗಲ್ಲ. ಪುಡಿ ಎಷ್ಟು ನುಣ್ಣಗಿದೆ, ಎಷ್ಟು ತೇವ ಹಿಡಿದಿದೆ, ಎಷ್ಟು ಬಿಗಿಯಾಗಿ ಕೂತಿದೆ, ಇದರಲ್ಲಿ ಒಂದು ಬದಲಾದರೂ ಉರಿಯುವ ವೇಗವೇ ಬದಲು. ಮೊದಲನೆಯದು ಸುಮ್ನೆ ಹೊಗೆ ಬಿಡುತ್ತದೆ, ಎರಡನೆಯದು ಕೈಯಲ್ಲೇ ಸಿಡಿಯುತ್ತದೆ. ಹಚ್ಚುವುದಕ್ಕಿಂತ ಮುಂಚೆಯೇ ಅಪಾಯ ಜಾಸ್ತಿ. ಅರೆಯುವಾಗಿನ ತಿಕ್ಕಾಟ ಸಾಕು. ನಮ್ಮ ಒಣ ಹವೆಯಲ್ಲಿ ನೈಲಾನ್ ಅಂಗಿಯಿಂದ ಹಾರುವ ಚಿಟಿಕೆ ಕಿಡಿಯೂ ಸಾಕು. ಗಂಧಕದ ಜೊತೆ ಕ್ಲೋರೇಟ್ ಅನ್ನುವ ರಾಸಾಯನಿಕ ಇರುವ ಪಟಾಕಿಗಳನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆ ಮಿಶ್ರಣ ತಾನಾಗೇ ಹೊತ್ತಿಕೊಳ್ಳಬಲ್ಲದು.

ಲೈಸೆನ್ಸ್ ಇಲ್ಲದೆ ತಯಾರಿಸುವುದು ಅಪರಾಧ, ಅಷ್ಟೇ.

ಮಳಿಗೆಯಲ್ಲಿ ಹಸಿರು ಪಟಾಕಿಯ ಲೋಗೊ, ಕ್ಯೂಆರ್ ಕೋಡ್ ನೋಡಿ ಕೊಳ್ಳಿ. ಹಸಿರು ಅಂದಮಾತ್ರಕ್ಕೆ ಹೊಗೆಯೇ ಇಲ್ಲ ಅಂತಲ್ಲ, ಕಡಿಮೆ ಅಷ್ಟೇ. ಹತ್ತದೇ ಹೋದದ್ದನ್ನು ಬಗ್ಗಿ ನೋಡಬೇಡಿ, ಸ್ವಲ್ಪ ಹೊತ್ತು ಬಿಟ್ಟು ದೂರದಿಂದಲೇ ನೀರು ಸುರಿಯಿರಿ. ಕೆಮಿಸ್ಟ್ರಿ ಹುಚ್ಚೇ ಇದ್ದರೆ ಕಾಲೇಜಿನ ಲ್ಯಾಬ್ ಇದೆಯಲ್ವಾ, ಮೇಷ್ಟ್ರ ಕಣ್ಣೆದುರೇ ಜ್ವಾಲೆಯ ಬಣ್ಣ ನೋಡಬಹುದು.