ಡೂಲಿನ್ ಅಥವಾ ಕಿಲ್‌ಫೆನೋರಾ: ಒಂದು ರಾತ್ರಿ ಎಲ್ಲಿ ತಂಗೋದು?

ಐರ್ಲೆಂಡಿನ ಪಶ್ಚಿಮದಲ್ಲಿ, ಕ್ಲೇರ್ ಕೌಂಟಿಯಲ್ಲಿ ಎರಡು ಪುಟ್ಟ ಊರುಗಳಿವೆ. ನಡುವೆ ಕಾರಿನಲ್ಲಿ ಸುಮಾರು 20 ನಿಮಿಷ. ಆದರೆ ಸ್ವಭಾವ ಮಾತ್ರ ಬೇರೆ ಬೇರೆ.

ಡೂಲಿನ್ ಕಡಲ ದಂಡೆಯ ಊರು. 214 ಮೀಟರ್‌ವರೆಗೆ ಎದ್ದು ನಿಂತ ಮೊಹರ್ ಬಂಡೆಗಳು ಹತ್ತಿರ, ಅರನ್ ದ್ವೀಪಗಳಿಗೆ ದೋಣಿಯೂ ಇಲ್ಲಿಂದಲೇ. ಇಲ್ಲಿನ ಗುಹೆಯಲ್ಲಿ ಚಾವಣಿಯಿಂದ ಇಳಿಬಿದ್ದ ಸುಣ್ಣದಕಲ್ಲು 7 ಮೀಟರ್‌ಗೂ ಉದ್ದವಿದೆ. ಸಂಜೆ ಪಬ್‌ಗಳಲ್ಲಿ ಪಿಟೀಲು, ಕೊಳಲು. ಆದರೆ ಬೇಸಿಗೆಯಲ್ಲಿ ಜನ ಜಾಸ್ತಿ, ರೂಮು ದುಬಾರಿ. ಗಾಳಿ ಜೋರಾದರೆ ದೋಣಿ ರದ್ದು.

ಕಿಲ್‌ಫೆನೋರಾ ಒಳನಾಡು. ಸುತ್ತಲೂ ಬರೆನ್ ಎಂಬ ಸುಣ್ಣಕಲ್ಲಿನ ಬಯಲು, ಕಲ್ಲಿನ ಬಿರುಕುಗಳಲ್ಲಿ ವಸಂತದ ಹೂಗಳು. ಹಳೆಯ ಕೆಥೆಡ್ರಲ್ ಅರ್ಧ ಪಾಳು, ಅರ್ಧ ಬಳಕೆಯಲ್ಲಿದೆ. ಕೆತ್ತನೆಯ ಎತ್ತರದ ಕಲ್ಲು ಶಿಲುಬೆಗಳು ಮಳೆಗೆ ಸವೆಯಬಾರದೆಂದು ಗಾಜಿನ ಮಾಡು ಹಾಕಿದ್ದಾರೆ. ಇಲ್ಲೊಂದು ತಮಾಷೆ: ಈ ಪುಟ್ಟ ಧರ್ಮಪ್ರಾಂತ್ಯಕ್ಕೆ ಪೋಪ್ ಅವರೇ ಬಿಷಪ್ ಅಂತ ಊರವರು ಹೆಮ್ಮೆಪಡುತ್ತಾರೆ! ಆದರೆ ದಿನನಿತ್ಯದ ಕೆಲಸ ನೋಡಿಕೊಳ್ಳುವವರು ಗಾಲ್ವೇ ಊರಿನ ಬಿಷಪ್. 1909ರಲ್ಲಿ ಶುರುವಾದ ಇಲ್ಲಿನ ಕೇಲಿ (ಐರಿಶ್ ಜನಪದ ಕುಣಿತದ ಕೂಟ) ವಾದ್ಯವೃಂದ ಈಗಲೂ ನುಡಿಸುತ್ತಿದೆ. ಊರ ಕುಣಿತಕ್ಕೆ ನುಡಿಸುವ ತಂಡ ಅದು, ಬರೀ ಪ್ರವಾಸಿಗರಿಗಲ್ಲ.

ಕಡಲು, ದ್ವೀಪ ಬೇಕು, ಕಾರಿಲ್ಲ ಅಂದರೆ ಡೂಲಿನ್. ಕಾರಿದ್ದರೆ, ಸುಮ್ನೆ ಊರಿನ ದಿನಚರಿ ನೋಡೋ ಆಸೆಯಿದ್ದರೆ ಕಿಲ್‌ಫೆನೋರಾ. ನನ್ನ ಓಟು ಎರಡನೆಯದಕ್ಕೆ. ಬಂಡೆಗಳನ್ನು ಹಗಲಲ್ಲಿ ಹೋಗಿ ನೋಡಿ ಬಂದರಾಯಿತು, ಅಲ್ವಾ?