ಹೆಂಪ್‌ಕ್ರೀಟ್ ಗೋಡೆ ಕಟ್ಟಿಸುವ ಮುಂಚೆ ಇದನ್ನು ಓದಿ

ಹೆಂಪ್‌ಕ್ರೀಟ್ ಅಂದರೆ ಗಾಂಜಾ ಜಾತಿಯ ಹೆಂಪ್ ಗಿಡದ ದಂಟಿನ ಚೂರನ್ನು ಸುಣ್ಣದಲ್ಲಿ ಕಲಸಿ ಗೋಡೆಗೆ ತುಂಬುವ ಮಿಶ್ರಣ. ಸಕಲೇಶಪುರದ ಕಡೆ ಒಂದು ಹೋಂಸ್ಟೇ. ಮೇ ಕೊನೆಗೆ ಒಂದಡಿ ದಪ್ಪದ ಹೆಂಪ್‌ಕ್ರೀಟ್ ಗೋಡೆ ತುಂಬಿಸಿ, ಮೂರೇ ವಾರಕ್ಕೆ ಸಿಮೆಂಟ್ ಗಾರೆ ಮಾಡಿ ಎಮಲ್ಷನ್ ಹೊಡೆದರು. ಆಗಸ್ಟ್‌ನಲ್ಲಿ ಬಣ್ಣ ಗುಳ್ಳೆ ಎದ್ದು ಕೋಣೆಯೆಲ್ಲ ಮುಗ್ಗಲು ವಾಸನೆ. ಗಾರೆ ಕೆತ್ತಿದರೆ ಕಪ್ಪು ಬೂಷ್ಟು. ಅದರ ಹಿಂದಿನದು ಬೆರಳಲ್ಲಿ ಕೆದಕಿದರೆ ಹೊಟ್ಟಿನಂತೆ ಉದುರುತ್ತಿತ್ತು. "ಮಲೆನಾಡಿನ ಹವಾಕ್ಕೆ ಇದು ಆಗಿಬರಲ್ಲ ಸಾರ್" ಅಂದು ಗುತ್ತಿಗೆದಾರ ಕೈ ತೊಳೆದುಕೊಂಡ. ಫ್ರಾನ್ಸ್, ಇಂಗ್ಲೆಂಡಿನ ಥಂಡಿ ಹವಾದಲ್ಲೇ ಇಂಥ ಗೋಡೆಗಳು ನಿಂತಿವೆ. ಇಲ್ಲಿ ಕೆಟ್ಟಿದ್ದು ಕೆಲಸ.

ಮೊದಲು ನೀರಿನ ಲೆಕ್ಕ. ಗೋಡೆಗೆ ರೂಢಿಯ ಅಳತೆ ತೂಕದಲ್ಲಿ ಸುಮಾರು 1:2:3. ಅಂದರೆ 20 ಕೆಜಿ ಹರ್ಡ್‌ಗೆ (ದಂಟಿನ ಒಳಗಿನ ಬೆಂಡಿನ ಚೂರು) 40 ಕೆಜಿ ಸುಣ್ಣದ ಮಿಶ್ರಣ, 50ರಿಂದ 60 ಲೀಟರ್ ನೀರು. ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂದು ಗೋಡೆಗೇ ಸುಮಾರು 800 ಲೀಟರ್ ನೀರು ಹೋಗುತ್ತದೆ. ಅದರಲ್ಲಿ ಬಹುಪಾಲು ಗಾಳಿಗೆ ಆರಿಯೇ ಹೊರಬರಬೇಕು. ಬಿಸಿಲಿದ್ದರೂ ಆರರಿಂದ ಎಂಟು ವಾರ ಬೇಕು, ಜೂನ್‌ನಲ್ಲಿ ಆರುವ ಮಾತೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ತುಂಬಿಸಿ. ಶಟರಿಂಗ್ ಹಲಗೆ ಮರುದಿನವೇ ಬಿಚ್ಚಿಸಿ. ಇಲ್ಲಿ ವಾರವಿಡೀ ಬಿಟ್ಟಿದ್ದರು.

ಎರಡನೆಯದು, "ಗಟ್ಟಿ ಬರಲಿ" ಅಂತ ಸುಣ್ಣದ ಅರ್ಧಭಾಗ ತೆಗೆದು ಸಿಮೆಂಟ್ ಸುರಿದಿದ್ದು. ದಂಟು ನೀರಿಗೆ ಬಿಡುವ ಸಕ್ಕರೆ, ಪೆಕ್ಟಿನ್ ಸಿಮೆಂಟನ್ನು ಕಚ್ಚಲು ಬಿಡುವುದಿಲ್ಲ. ಸಾಲದ್ದಕ್ಕೆ ಹರ್ಡ್ ತನ್ನ ತೂಕದ ಮೂರ್ನಾಲ್ಕು ಪಟ್ಟು ನೀರು ಕುಡಿಯುತ್ತದೆ, ಸಿಮೆಂಟ್ ಒಣಗಿ ಪುಡಿಯಾಗಿಯೇ ಉಳಿಯುತ್ತದೆ. ಒಳಗೆ ಉದುರಿದ್ದು ಇದೇ. ಸುಣ್ಣದ ಕಾಲುಭಾಗದಷ್ಟು ಮೆಟಾಕೆಯೋಲಿನ್ (ಸುಟ್ಟ ಬಿಳಿ ಜೇಡಿಮಣ್ಣಿನ ಪುಡಿ) ಅಥವಾ ನಯವಾದ ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿದರೆ ಸಾಕು. ಅಷ್ಟಕ್ಕೂ ಇದು ಭಾರ ಹೊರುವ ಗೋಡೆಯೇ ಅಲ್ಲ. ಸೂರಿನ ಭಾರ ಮರದ ಚೌಕಟ್ಟಿನ ಮೇಲಿರಬೇಕು.

ಸುಣ್ಣವನ್ನೂ ಕಣ್ಣುಮುಚ್ಚಿ ಕೊಳ್ಳಬೇಡಿ. ಚೀಲದ ಬಾಯಿ ತೆರೆದು ಗೋಡೌನಿನಲ್ಲಿ ಬಿದ್ದಿದ್ದ ಸುಣ್ಣ ಗಾಳಿ ಹಿಡಿದು ಸತ್ತಿರುತ್ತದೆ. ಒಂದು ಚಮಚ ಪುಡಿಗೆ ನಿಂಬೆರಸ ಹಿಂಡಿ: ಭರ್ರನೆ ನೊರೆ ಉಕ್ಕಿದರೆ ಚೀಲ ವಾಪಸ್ ಕಳಿಸಿ.

ಹರ್ಡ್ ಒಂದು ಹಿಡಿ ಕೈಗೆ ತೆಗೆದುಕೊಂಡು ನೋಡಿ. ಚೂರು ಅರ್ಧದಿಂದ ಎರಡೂವರೆ ಸೆಂಟಿಮೀಟರ್ ಇರಲಿ. ನಾರು ಜಾಸ್ತಿಯಿದ್ದರೆ ಮಿಕ್ಸರ್‌ನಲ್ಲಿ ಉಂಡೆ ಕಟ್ಟುತ್ತದೆ, ದೂಳು ಜಾಸ್ತಿಯಿದ್ದರೆ ಸುಣ್ಣವನ್ನೆಲ್ಲ ಅದೇ ನುಂಗುತ್ತದೆ. ಸುಣ್ಣ, ನೀರು ಮೊದಲು ಕಲಸಿ, ಆಮೇಲೆ ಹರ್ಡ್ ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಗೇಣು ಎತ್ತರ ತುಂಬಿ ಹಗುರಾಗಿ ಒತ್ತಿದರೆ ಆಯಿತು. ಕಾಂಕ್ರೀಟಿನ ಹಾಗೆ ಕುಟ್ಟಿದರೆ ಒಳಗಿನ ಗಾಳಿ ಹೋಗಿ ಶಾಖ ತಡೆಯುವ ಗುಣವೇ ಹೋಗುತ್ತದೆ.

ತೇವ ಹೊರಹೋಗಲು ಗಾರೆ ಸುಣ್ಣದ್ದು, ಬಣ್ಣವೂ ಸುಣ್ಣದ್ದೇ ಇರಲಿ. ಗೋಡೆಯ ತಳ ನೆಲದಿಂದ ಒಂದಡಿ ಮೇಲಿರಲಿ.

"ನೀವೇ ಬೆಳೆದುಕೊಳ್ಳಿ, ಬೀಜ ಕೊಡ್ತೀವಿ" ಅನ್ನುವವರೂ ಇದ್ದಾರೆ. ಪರವಾನಗಿ ಇಲ್ಲದೆ ಗಿಡ ಬೆಳೆಸಿದರೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಡಿ ಹತ್ತು ವರ್ಷದವರೆಗೆ ಜೈಲು. ಉತ್ತರಾಖಂಡದಂಥ ಕಡೆ ಪರವಾನಗಿ ಪಡೆದವರ ಮಾಲನ್ನೇ ಬಿಲ್ ಸಮೇತ ತರಿಸಿ.

ಈಗಾಗಲೇ ಕೆಟ್ಟಿದ್ದರೆ ಎರಡೂ ಬದಿಯ ಗಾರೆ ಪೂರ್ತಿ ಕೆತ್ತಿಸಿ, ಮಳೆ ನಿಂತ ಮೇಲೆ ಗಾಳಿಗೆ ಬಿಡಿ. ಒಣಗಿದ ಮೇಲೂ ಬೆರಳಿಗೆ ಉದುರುವ ಭಾಗವನ್ನು ಒಡೆದು ತೆಗೆದು ಹೊಸದಾಗಿ ತುಂಬಿಸಬೇಕು; ಮೇಲಿಂದ ಏನು ಬಳಿದರೂ ಅದು ಗಟ್ಟಿಯಾಗುವುದಿಲ್ಲ.